ಗೆರೆ ಓದಿ ಹೇಳಿದವರಿಗೆ

ಇವತ್ತು ನನ್ನ ಮಗಳಿಗೆ ಒಂದು ವರ್ಷ ತುಂಬಿತು. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ, ಹಾಗಾಗಿ ಆ ತಾಯಿಗೆ ಮನೆಯಿಂದಲೇ ಕೈ ಮುಗಿದೆ. ಹಾಸನದ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನವರಿಗೂ ಹಾಗೇ ದೂರದಿಂದ ಕೈ ಮುಗಿದರೆ ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಆಲೂರಿನವಳು, ಟೈಲರ್. ಮೊದಲ ಮಗ ಹುಟ್ಟಿದ್ದು ಬೇರೊಂದು ಆಸ್ಪತ್ರೆಯಲ್ಲಿ. ಅಲ್ಲಿ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾದರೂ ‘ಇಷ್ಟೆಲ್ಲ ಹೋಗೋದೇ’ ಅಂದರು. ನಮ್ಮತ್ತೆಯೂ ‘ಕೆಟ್ಟ ರಕ್ತ, ಹೋಗ್ಲಿ ಬಿಡವ್ವ’ ಅಂದರು. ಎಷ್ಟು ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಆರು ತಿಂಗಳು ಮಿಷಿನ್ ತುಳಿಯಲು ಕಾಲಲ್ಲಿ ಕಸುವಿರಲಿಲ್ಲ. ಬಾಣಂತನ ಅಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ.

ಎರಡನೇ ಸಲ ಹಾಸನದ ದೊಡ್ಡಾಸ್ಪತ್ರೆಗೆ ಹೋದೆ. ನಿಜ ಹೇಳ್ತೀನಿ, ಮೊದಲು ಅಲ್ಲಿ ಸಿಟ್ಟೇ ಬಂದಿತ್ತು. ಮಂಚದ ಸುತ್ತ ಏಳೆಂಟು ಜನ ಡಾಕ್ಟರಿಕೆ ಕಲಿಯುವ ಮಕ್ಕಳು. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಮುಟ್ಟಿ ನೋಡುವುದು, ಕೇಳಿದ್ದನ್ನೇ ಕೇಳುವುದು. ಅದರ ಮೇಲೆ ಅವರಿಗೆ ಪಾಠ ಹೇಳುವ ಡಾಕ್ಟರ್ ಮೇಡಂ ಒಂದು ಕಾಗದ ಹಿಡಿದು ಬಂದರು. ಹೆರಿಗೆ ಆದ ಮೇಲಿನ ರಕ್ತಸ್ರಾವದ ಬಗ್ಗೆ ಅಧ್ಯಯನ ಮಾಡುತ್ತಿದ್ದೇವೆ, ಸೇರುತ್ತೀರಾ ಅಂದರು. ನಮ್ಮ ಯಜಮಾನರು ‘ನಮ್ಮ ಮೇಲೆ ಪ್ರಯೋಗನಾ?’ ಎಂದೇಬಿಟ್ಟರು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು. ಹೊಸ ಔಷಧಿ ಏನೂ ಇಲ್ಲ, ಹೋದ ರಕ್ತ ಅಳೆದು ಬರೆಯುವುದಷ್ಟೇ, ಬೇಡ ಅಂದರೂ ಇದೇ ಚಿಕಿತ್ಸೆ ಸಿಗುತ್ತದೆ ಅಂತ ಕನ್ನಡದಲ್ಲೇ ಓದಿ ಹೇಳಿದರು. ನೆನೆದ ಪ್ಯಾಡನ್ನೂ ತೂಕ ಹಾಕುತ್ತಾರಂತೆ. ಒಣ ಪ್ಯಾಡಿನ ತೂಕ ಕಳೆದು, ಒಂದು ಗ್ರಾಂಗೆ ಒಂದು ಎಂ.ಎಲ್. ರಕ್ತ ಅಂತ ಲೆಕ್ಕ. ಅಳತೆ ಅಂದ ಕೂಡಲೇ ನಾನು ಸಹಿ ಹಾಕಿದೆ. ಕಣ್ಣಂದಾಜಿನಲ್ಲಿ ಬ್ಲೌಸ್ ಕತ್ತರಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ವಾ?

ರಾತ್ರಿ ಮಗು ಹುಟ್ಟಿತು, ಕಸವೂ ಬಿತ್ತು. ನನ್ನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಅದರ ತುದಿ ಚೀಲದ ಹಾಗೆ ಇಳಿಬಿದ್ದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು.

‘ಎಷ್ಟು?’ ಅಂದರು ಮೇಡಂ.

‘ಮುನ್ನೂರು ಇರಬಹುದು ಮೇಡಂ’ ಅಂದಳು ಪಿ.ಜಿ. ಹುಡುಗಿ, ಡಾಕ್ಟರಾದ ಮೇಲೂ ಓದುತ್ತಿರುವವಳು.

‘ಇರಬಹುದು ಬೇಡ. ಬಗ್ಗಿ ಗೆರೆ ಓದು.’

‘ಐನೂರೈವತ್ತು.’

ಅರ್ಧ ಲೀಟರ್ ದಾಟಿದರೆ ಅತಿಸ್ರಾವ. ಆಮೇಲೆ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ಒಬ್ಬರು ಹೊಟ್ಟೆ ಒತ್ತಿ ಗರ್ಭಕೋಶ ತಿಕ್ಕಿದರು. ಅಬ್ಬಾ, ಆ ನೋವು! ಇನ್ನೊಬ್ಬರು ಡ್ರಿಪ್ ಏರಿಸಿದರು. ಮೇಡಂ ಕೈ ಕೆಲಸದಲ್ಲಿದ್ದರೂ ಬಾಯಿ ಪಾಠ ಮಾಡುತ್ತಲೇ ಇತ್ತು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ಈಗಲೇ ಯಾಕೆ ಕೊಡಬೇಕು, ಹೆರಿಗೆಯಾಗಿ ಮೂರು ಗಂಟೆ ದಾಟಿದರೆ ಯಾಕೆ ಉಪಯೋಗ ಇಲ್ಲ, ಹೀಗೆ. ಸಾಯೋ ಹೊತ್ತಲ್ಲೂ ಪಾಠನಾ ಅನ್ನಿಸಿತು. ಅಷ್ಟರಲ್ಲಿ ಕಣ್ಣು ಮಂಜಾಯಿತು. ಎರಡು ಬಾಟ್ಲು ರಕ್ತ ಹಾಕಿದರಂತೆ. ಕೊಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ನಲವತ್ತೆರಡನೇ ದಿನ ತೋರಿಸಲು ಹೋದಾಗ ಆ ಹಾಳೆಯ ಬಗ್ಗೆ ಕೇಳಿದೆ. ಮೇಡಂ ಮುಖ ಅರಳಿತು. ‘ಇದಕ್ಕೂ ನಮ್ಮ ಬೆಳಗಾವಿಗೂ ನಂಟಿದೆ ಕಣಮ್ಮ’ ಅಂದರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದವರ ಜೊತೆ ಸೇರಿ ಇಂಥದ್ದೊಂದು ಹಾಳೆ ಮಾಡಿ, ಹಳ್ಳಿಗಳ 1,620 ಹೆಂಗಸರ ಹೆರಿಗೆಯಲ್ಲಿ ಬಳಸಿದ್ದರಂತೆ. ಗರ್ಭಕೋಶ ಬಿಗಿ ಮಾಡುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರಲ್ಲಿ ಅತಿಸ್ರಾವ ನೂರಕ್ಕೆ ಆರರ ಹತ್ತಿರ, ಕೊಡದವರಲ್ಲಿ ಹನ್ನೆರಡು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತಂತೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆಂಗಸರ ಅಧ್ಯಯನ ಹೊರಬಂತು. ಗೆರೆಯ ಹಾಳೆಯಲ್ಲಿ ಅಳೆದು, ಚಿಕಿತ್ಸೆಯನ್ನೆಲ್ಲ ಒಟ್ಟಿಗೇ ಶುರು ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತ ಶೇಕಡ 60ರಷ್ಟು ಕಡಿಮೆ. ಈ ಅಂಕಿಗಳನ್ನೆಲ್ಲ ತಾಯಿ ಕಾರ್ಡಿನ ಹಿಂದೆ ಬರೆಸಿಕೊಂಡು ಬಂದೆ.

ಬೆಳಗಾವಿಯ ಆ ಹೆಂಗಸರೂ ಒಂದು ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿರುತ್ತಾರೆ. ಅವರ ಗಂಡಂದಿರೂ ‘ಪ್ರಯೋಗನಾ?’ ಅಂತ ಕೇಳಿರಬಹುದು. ಅವರು ಹೂಂ ಅಂದದ್ದು ಆಲೂರಿನ ನನ್ನ ತನಕ ಬಂತು. ಆ ಅಕ್ಕಂದಿರಿಗೂ ನಮಸ್ಕಾರ.

ಮೇಡಂ, ನಿಮ್ಮ ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಬರೀ ನಂಬರ್ ಇದೆ ಅಂದಿರಿ. ಪರವಾಗಿಲ್ಲ. ನಿಮ್ಮ ಮಕ್ಕಳು ಮುಂದಿನ ಸಲ ಎಷ್ಟು ಸಲ ಬೇಕಾದರೂ ಹೊಟ್ಟೆ ಮುಟ್ಟಿ ನೋಡಲಿ ಅನ್ನೋಣ ಅಂದರೆ, ಮುಂದಿನ ಸಲ ಅನ್ನುವುದು ಇಲ್ಲ, ಆಪರೇಷನ್ ಆಗಿದೆ!

ಪಿ.ಜಿ. ಅಮ್ಮಣ್ಣಿ, ನಿನಗೊಂದು ಬ್ಲೌಸ್ ಬಟ್ಟೆ ತೆಗೆದಿಟ್ಟು ತಿಂಗಳಾಯಿತು. ಇನ್ನೂ ಕತ್ತರಿ ಹಾಕಿಲ್ಲ. ನೈಟ್ ಡ್ಯೂಟಿ ಮುಗಿದ ದಿನ ಬಸ್ ಹತ್ತಿ ಬಾ, ಅಳತೆ ತೆಗೆದುಕೊಳ್ಳುತ್ತೇನೆ.