ತಾಂಡಾದ ಮಕ್ಕಳಿಗೆ ಪಾಠ ಹೇಳಲು ಹೊರಟ ಮಗಳಿಗೆ

ಚಿ. ಸವಿತಾಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದಿಂದ ಲಂಬಾಣಿ ತಾಂಡಾದ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಲು ಹೊರಟಿದ್ದೀರಂತೆ. ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಮನಸ್ಸು ತುಂಬಿತು. ಪ್ರಾಥಮಿಕ ಶಾಲೆಯಲ್ಲೇ ನೌಕರಿ ಮುಗಿಸಿದವನಾದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಎರಡು ವರ್ಷಕ್ಕೆ 240 ಗಂಟೆ ಸೇವೆ, ಒಂದು ವಿಶೇಷ ಶಿಬಿರ ಮುಗಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಸಿಗಲಿ. ಆದರೆ ಗಂಟೆ ತುಂಬಿಸಲು ಇಡೀ ತರಗತಿಯನ್ನು ಕೂಡಿಸಿ ಭಾಷಣ ಮಾಡಬೇಡ. ನಾಲ್ಕೈದು ಮಕ್ಕಳನ್ನು ಹಿಡಿ, ಅವರನ್ನೇ ಕೊನೆತನಕ ನೋಡಿಕೋ. ಬರುತ್ತೇನೆಂದ ದಿನ ಬರಲೇಬೇಕು. ನಿನ್ನ ಪರೀಕ್ಷೆ ಇದ್ದರೆ ಹಿಂದಿನ ವಾರವೇ ಹೇಳು. ಇಲ್ಲದಿದ್ದರೆ ಮಕ್ಕಳು ಚೀಲ ಹಿಡಿದು ಶಾಲೆ ಕಟ್ಟೆಯ ಮೇಲೆ ಕತ್ತಲಾಗುವವರೆಗೂ ಕಾಯುತ್ತವೆ.

ಪುಸ್ತಕ ತೆರೆಯುವ ಮೊದಲು ಮಗು ಎಲ್ಲಿ ಸಿಕ್ಕಿಬಿದ್ದಿದೆ ಎಂದು ನೋಡು. 52ರಲ್ಲಿ 27 ಕಳೆ ಎಂದರೆ ಎಷ್ಟೋ ಮಕ್ಕಳು 35 ಬರೆಯುತ್ತವೆ. ದಡ್ಡತನವಲ್ಲ ಅದು. 2ರಲ್ಲಿ 7 ಹೋಗುವುದಿಲ್ಲವೆಂದು ಮಗು 7ರಲ್ಲೇ 2 ಕಳೆದಿರುತ್ತದೆ. ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಅದರ ಕೈಗೇ ಕೊಡು. ಒಂದು ಕಟ್ಟನ್ನು ತಾನೇ ಬಿಚ್ಚಲಿ, ಹನ್ನೆರಡು ಬಿಡಿ ಕಡ್ಡಿಯಿಂದ ಏಳು ತೆಗೆಯಲಿ. ಸಾಲ ತರುವ ಲೆಕ್ಕ ಹಲಗೆಯ ಮೇಲೆ ಬಾರದಿದ್ದದ್ದು ಕೈಯಲ್ಲಿ ಬರುತ್ತದೆ. ಓದುವಾಗ ಒತ್ತಕ್ಷರದಲ್ಲಿ ತಡವರಿಸಿದರೂ ಅವಸರ ಮಾಡಬೇಡ. ಅವರ ಮನೆಮಾತು ಲಂಬಾಣಿ. ಕನ್ನಡವನ್ನು ಶಾಲೆಗೆ ಬಂದ ಮೇಲೆ ಕಲಿತದ್ದು. ಉಚ್ಚಾರಕ್ಕೆ ಯಾರಾದರೂ ನಕ್ಕರೆ ಅಲ್ಲೇ ತಡೆ.

ಮಕ್ಕಳನ್ನು ಮಾಸ್ತರರ ಕಣ್ಣಿಗೆ ಕಾಣುವಂತೆ ಪಡಸಾಲೆಯಲ್ಲೇ ಕೂಡಿಸಿಕೋ. ಅವರ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ.

ನನಗೆ ಹೆಚ್ಚು ಚಿಂತೆ ಇರುವುದು ದೀಪಾವಳಿ ಆಸುಪಾಸಿನದು. ಕಬ್ಬು ಕಡಿಯಲು ತಾಂಡಾದವರು ಗುಳೆ ಹೊರಡುತ್ತಾರೆ, ಮಕ್ಕಳೂ ಹೋಗುತ್ತವೆ. ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಆಗುತ್ತದೆಯೇ ಎಂದು ಈಗಲೇ ಅವರ ಅವ್ವನ ಹತ್ತಿರ ಮಾತಾಡು. ದೊಡ್ಡವರ ಸಂಕಟ ಕೇಳಿಸಿಕೊಂಡು ಮಾತಾಡು, ಬುದ್ಧಿ ಹೇಳಲು ಹೋಗಬೇಡ. ಹೋಗಲೇಬೇಕಾದರೆ, ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂಬುದನ್ನು ತಿಳಿಸು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಪ್ರತಿ ಮಗುವಿನ ಹೆಸರಿನಲ್ಲೂ ಒಂದು ನೋಟ್‌ಬುಕ್ ಇಡು. ಎಲ್ಲಿಯವರೆಗೆ ಓದಿದೆ, ಯಾವ ಲೆಕ್ಕ ಬರುತ್ತದೆ ಎಂದು ಬರೆದು ಮುಖ್ಯ ಗುರುಗಳಿಗೆ ಕೊಡು. ಬೇಸಿಗೆಗೆ ಅವು ತಿರುಗಿ ಬರುವ ಹೊತ್ತಿಗೆ ನಿನ್ನ ಡಿಗ್ರಿಯೇ ಮುಗಿದಿದ್ದರೂ ಮುಂದೆ ಕಲಿಸುವವರು ಅದನ್ನು ನೋಡಿ ಶುರುಮಾಡಬಹುದು.

ನಿನ್ನ ಕಾಕಾ
ವಿಜಯಪುರ