ಈಸ್ಟರ್ ಊಟಕ್ಕೆ ಮೊದಲು ಹುಣ್ಣಿಮೆ ನೋಡಬೇಕು

ಮಾನ್ಯ ಸಂಪಾದಕರೇ,

2025ರ ಏಪ್ರಿಲ್ 20ರ ಈಸ್ಟರ್ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ತೆಂಗಿನಕಾಯಿ ಹಾಲು ಹಿಂಡುತ್ತಿದ್ದೆ. ನಮ್ಮ ಯಜಮಾನರು ನಿಮ್ಮ ಪುರವಣಿಯನ್ನು ಅಡುಗೆಮನೆಗೇ ತಂದು, "ನೋಡು, ನಿನಗೆ ಪಾಠ ಬಂದಿದೆ" ಎಂದು ಮುಂದೆ ಹಿಡಿದರು. 'ವಸಂತಕಾಲದ ಈಸ್ಟರ್ ಭೋಜನ' ಎಂಬ ತಲೆಬರಹ. ಕೆಳಗೆ ಕುರಿಮರಿಯ ತೊಡೆಯ ರೋಸ್ಟ್, ಪುದೀನ ಸಾಸ್, ಬೆಣ್ಣೆಯಲ್ಲಿ ಹೊರಳಿಸಿದ ಆಸ್ಪರಾಗಸ್, ಕ್ಯಾರೆಟ್ ಕೇಕ್. ಮೇಜಿನ ಮೇಲೆ ಹಳದಿ ಡ್ಯಾಫೊಡಿಲ್ ಹೂಗಳ ಚಿತ್ರ ಬೇರೆ. ಹಿಂಡಿದ ಹಾಲಿಗೆ ನನ್ನ ಹಣೆಯ ಬೆವರು ಬೀಳದಂತೆ ನಾನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದ ಹೊತ್ತು ಅದು. ಮಂಗಳೂರಿನ ಹತ್ತಿರದ ನಮ್ಮ ಕಿನ್ನಿಗೋಳಿಯ ವಸಂತ ಹಾಗೆಯೇ ಇರುತ್ತದೆ.

ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ತಪ್ಪು ಕಂಡರೆ ಕೆಂಪು ಶಾಯಿ ಹುಡುಕುವ ಚಟ ಇನ್ನೂ ಹೋಗಿಲ್ಲ. ಈ ಪತ್ರವನ್ನು ಹಾಗೆ ಓದಿಕೊಳ್ಳಿ.

ಮೊದಲನೆಯ ತಪ್ಪು ತೀರಾ ಸಾಧಾರಣವಾದದ್ದು. ಹಬ್ಬದ ಊಟದ ಪಟ್ಟಿಯನ್ನು ಹಬ್ಬದ ದಿನವೇ ಅಚ್ಚು ಹಾಕಿದರೆ ಯಾರಿಗೆ ಉಪಯೋಗ? ಆ ಹೊತ್ತಿಗೆ ನಮ್ಮ ಮನೆಯಲ್ಲಿ ಮಾಂಸ ಬೆಂದು ಹದಿನಾಲ್ಕು ಗಂಟೆ ಆಗಿತ್ತು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಸ್ಪರಾಗಸ್ ಬಗ್ಗೆ ನನಗೆ ದ್ವೇಷವಿಲ್ಲ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಚಳಿಗಾಲ ಕಳೆದು ನೆಲದಿಂದ ಮೊದಲು ತಲೆ ಎತ್ತುವ ತರಕಾರಿಗಳಲ್ಲಿ ಅದೂ ಒಂದು. ಕುರಿಗಳು ಮರಿ ಹಾಕುವ ಕಾಲವೂ ಅದೇ. ಕತ್ತಲೆಯ ತಿಂಗಳುಗಳಲ್ಲಿ ಮೊಟ್ಟೆ ನಿಲ್ಲಿಸಿದ್ದ ಕೋಳಿಗಳು ಹಗಲು ಉದ್ದವಾದಂತೆ ಮತ್ತೆ ಇಡತೊಡಗುತ್ತವೆ. ಹಿಂದೆ ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಮೊಟ್ಟೆಯೂ ವರ್ಜ್ಯವಾಗಿದ್ದುದರಿಂದ ಹಬ್ಬದ ಹೊತ್ತಿಗೆ ಮನೆತುಂಬ ಮೊಟ್ಟೆ ಉಳಿದಿರುತ್ತಿತ್ತು. ಅಲ್ಲಿಯವರು ತಮ್ಮ ಅಂಗಳದಲ್ಲಿ ಸಿಕ್ಕಿದ್ದನ್ನು ಬೇಯಿಸಿದರು, ಸರಿ. ನಾವೂ ನಮ್ಮ ಅಂಗಳ ನೋಡಬೇಕಲ್ಲವೇ? ಕುರಿ ನಮ್ಮ ಕರಾವಳಿಯ ಮಳೆಗೆ ಬಾಳುವ ಪ್ರಾಣಿಯಲ್ಲ, ಘಟ್ಟದ ಮೇಲಿನಿಂದ ಇಳಿದು ಬರಬೇಕು. ಗೇರುಮರ ಮಾತ್ರ ನನ್ನ ಬಾವಿಕಟ್ಟೆಗೇ ಒರಗಿಕೊಂಡಿದೆ.

ನಮ್ಮ ಅಂಗಳದ ಕಷ್ಟವೆಂದರೆ ಅದು ವರ್ಷ ವರ್ಷ ಬದಲಾಗುತ್ತದೆ. ಕ್ರಿಸ್ಮಸ್‌ನ ಹಾಗೆ ಈಸ್ಟರ್‌ಗೆ ನಿಂತ ತಾರೀಕಿಲ್ಲ. ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ನಮ್ಮ ಪಾಸ್ಖ ಹಬ್ಬ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಕುಳಿತುಕೊಳ್ಳುತ್ತದೆ. ಬೇರೆ ಊರಿನವರಿಗೆ ಐದು ವಾರ ದೊಡ್ಡ ವ್ಯತ್ಯಾಸವೆನಿಸದೇ ಇರಬಹುದು. ತುಳುನಾಡಿನ ಹಿತ್ತಿಲಿನಲ್ಲಿ ಅದು ಮಿಡಿಗೂ ಹಣ್ಣಿಗೂ ಇರುವ ಅಂತರ.

ಕಳೆದ ವರ್ಷ, 2024ರಲ್ಲಿ, ಹಬ್ಬ ಮಾರ್ಚ್ 31ಕ್ಕೆ ಬಂತು. ಹಸಿ ಗೇರುಬೀಜ ಧಾರಾಳ. ಹಲಸಿನ ಗುಜ್ಜೆ ಇನ್ನೂ ಎಳೆಯದು. ಮಾವು ಕಲ್ಲಿನಂತೆ ಗಟ್ಟಿ, ಹುಳಿ. ಆ ವರ್ಷ ನಮ್ಮ ಮನೆಯ ಊಟದ ರಾಣಿ ತೊಂಡೆಕಾಯಿ–ಹಸಿ ಗೇರುಬೀಜದ ಪಲ್ಯ. ಕೊಂಕಣಿಯಲ್ಲಿ ಅದಕ್ಕೆ ತೆಂಡ್ಲಿ–ಬಿಬ್ಬೊ ಎನ್ನುತ್ತೇವೆ. ಅದನ್ನು ಮಾಡುವುದು ಸುಲಭ, ಬೀಜ ಬಿಡಿಸುವುದೇ ತಪಸ್ಸು. ಹಸಿ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿ, ಮೆಟ್ಟುಕತ್ತಿಯ ಮೇಲೆ ಬೀಜವನ್ನು ಉದ್ದಕ್ಕೆ ಸೀಳಿ, ಕಡ್ಡಿಯಿಂದ ತಿರುಳನ್ನು ಎಬ್ಬಿಸಿ, ಬಿಸಿನೀರಿಗೆ ಹಾಕಿ ಒಳಸಿಪ್ಪೆ ಜಾರಿಸಬೇಕು. ಹದಿನಾಲ್ಕು ಜನರಿಗೆ ಮುನ್ನೂರು ಬೀಜವಾದರೂ ಬೇಕು. ಈಸ್ಟರ್‌ಗೆ ಮೊದಲಿನ ಪವಿತ್ರ ವಾರದ ಸೋಮವಾರದಿಂದ ಬುಧವಾರದ ತನಕ ದಿನಕ್ಕೆ ನೂರರಂತೆ ನಾನೂ ಯಜಮಾನರೂ ಕುಳಿತು ಬಿಡಿಸಿದೆವು. ಪೇಟೆಯಲ್ಲಿ ಬಿಡಿಸಿದ್ದೇ ಸಿಗುತ್ತದೆ, ಎಣಿಸಿ ಕೊಡುತ್ತಾರೆ. ಆದರೆ ಆ ಬೆಲೆಗೆ ಚಿನ್ನದಂಗಡಿಯ ತಕ್ಕಡಿ ಇಟ್ಟುಕೊಳ್ಳುವುದು ವಾಸಿ.

ಈ ವರ್ಷ ಏಪ್ರಿಲ್ 20. ಹಸಿ ಬೀಜದ ಕಾಲ ಮುಗಿದು, ನಮ್ಮ ಮರದ ಬೀಜವೆಲ್ಲ ಬಲಿತು ಒಣಗಿ ಗೋಣಿ ಸೇರಿತ್ತು. ಗುಜ್ಜೆ ಹಲಸಾಗಿತ್ತು. ಕಳೆದ ವರ್ಷದ ಪಟ್ಟಿಯನ್ನೇ ಹಿಡಿದು ಹೊರಟಿದ್ದರೆ ಬರಿಗೈಯಲ್ಲಿ ಮರಳಬೇಕಿತ್ತು. ಬದಲಿಗೆ ಕಾಟುಮಾವಿನ ಹಣ್ಣು ಉದುರತೊಡಗಿತ್ತು. ಬೆಲ್ಲ, ಹಸಿಮೆಣಸು ಹಾಕಿ ಇಡೀ ಹಣ್ಣನ್ನು ಬೇಯಿಸಿ, ಸಾಸಿವೆ–ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದೆ. ಹಂದಿಮಾಂಸದ ಕೊಬ್ಬಿನ ಪಕ್ಕದಲ್ಲಿ ಆ ಹುಳಿಸಿಹಿ ಕೂರುವ ರೀತಿಯೇ ಬೇರೆ. ಪುದೀನ ಸಾಸ್ ಮಾಡಬೇಕಾದ ಕೆಲಸವನ್ನು ನಮ್ಮಲ್ಲಿ ಗೊರಟು ಚೀಪುತ್ತಾ ಮಾಡಿ ಮುಗಿಸುತ್ತೇವೆ. ಆರು ದಿನ ಮೊದಲು ತುಳುವರ ಹೊಸ ವರ್ಷವಾದ ಬಿಸು ಕಳೆದಿತ್ತು. ಪಕ್ಕದ ಶೆಟ್ರ ಮನೆಯ ಅಕ್ಕ ಬಿಸುವಿನ ಬೆಳಿಗ್ಗೆ ಮೊದಲು ನೋಡುವ ಕಣಿಗೆ ಇಟ್ಟಿದ್ದ ಬಣ್ಣದ ಸೌತೆಕಾಯಿಯನ್ನು ನಮಗೆ ಕೊಟ್ಟಿದ್ದರು. ಅದು ಒಣಸಿಗಡಿಯ ಜೊತೆ ಸಾರಾಯಿತು.

ಆ ಅಕ್ಕನಿಗೆ ನಮ್ಮ ಈಸ್ಟರ್ ಅಡುಗೆಯಲ್ಲಿ ಒಂದು ಹುದ್ದೆಯೇ ಇದೆ. ನಮ್ಮ ಮನೆಯಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯ ತನಕ ಮಾಂಸ ಮುಟ್ಟುವುದಿಲ್ಲ. ಚರ್ಚು ಅಷ್ಟೆಲ್ಲ ಕೇಳುವುದಿಲ್ಲ, ಇದು ಅತ್ತೆಯವರಿಂದ ಬಂದ ಪದ್ಧತಿ. ಆದರೆ ಹಬ್ಬದ ಹಂದಿಮಾಂಸವನ್ನು ಬೇಯಿಸಬೇಕಾದದ್ದು ಶನಿವಾರವೇ. ಶನಿವಾರ ರಾತ್ರಿ ಜಾಗರಣೆಯ ಪೂಜೆ. ಹೊಸ ಬೆಂಕಿ ಹಚ್ಚಿ, ಪಾಸ್ಖ ಮೇಣದಬತ್ತಿ ಮೆರವಣಿಗೆಯಾಗಿ, ಇಷ್ಟುದ್ದ ವಾಚನಗಳು ಮುಗಿದು, ಗುರುವಾರದಿಂದ ಮೂಕವಾಗಿದ್ದ ಗಂಟೆ ಬಾರಿಸಿ, ಮನೆಗೆ ಬರುವಾಗ ಹನ್ನೊಂದು ದಾಟುತ್ತದೆ. ಭಾನುವಾರ ಬೆಳಿಗ್ಗೆ ಎದ್ದು ಮೂರು ಕಿಲೋ ಮಾಂಸ ಬೇಯಿಸುತ್ತೇನೆ ಎನ್ನುವವಳು ಮಧ್ಯಾಹ್ನದ ಊಟವನ್ನು ಸಂಜೆಗೆ ಬಡಿಸಬೇಕಾಗುತ್ತದೆ. ಅದಲ್ಲದೆ ಬಾಫಾತ್, ಅಂದರೆ ಮಸಾಲೆ ಪುಡಿ, ವಿನೆಗರ್ ಹಾಕಿ ಬೇಯಿಸಿದ ಈ ಹಂದಿಮಾಂಸದ ಪದಾರ್ಥ, ಒಂದು ರಾತ್ರಿ ಮಲಗಿ ಎದ್ದರೇ ರುಚಿ. ವಿನೆಗರ್ ಮಾಂಸದೊಳಗೆ ಇಳಿಯುತ್ತದೆ, ಕೊಬ್ಬು ಮೇಲೆ ನಿಲ್ಲುತ್ತದೆ. ಮಳೆಗಾಲಕ್ಕೆಂದು ಮಾರ್ಚ್ ಬಿಸಿಲಿನಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಶಿನ ಒಣಗಿಸಿ ವರ್ಷದ ಬಾಫಾತ್ ಪುಡಿ ಮಾಡಿಟ್ಟಿರುತ್ತೇವೆ. ಆ ಹೊಸ ಡಬ್ಬಿಯ ಮುಚ್ಚಳ ತೆರೆಯುವುದು ಆ ದಿನ. ಪರಿಮಳಕ್ಕೆ ಬಾಯಲ್ಲಿ ನೀರೂರುತ್ತದೆ, ರುಚಿ ನೋಡುವಂತಿಲ್ಲ.

ಹಾಗಾಗಿ ಸಂಜೆ ಐದಕ್ಕೆ ಬೇಲಿಯ ಬಳಿ ನಿಂತು ಅಕ್ಕನನ್ನು ಕರೆಯುತ್ತೇನೆ. ಅವರು ಬಂದು, ಸೌಟಿನ ಗಸಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಒಂದು ಕ್ಷಣ ಛಾವಣಿ ನೋಡುತ್ತಾರೆ. "ಬಾಯಮ್ಮ, ಉಪ್ಪು ಸರಿ, ಹುಳಿ ಇನ್ನೊಂದು ಚಮಚ ಬೇಕು" ಎಂದರೆ ಅದೇ ಅಂತಿಮ. ಮೂವತ್ತು ವರ್ಷಗಳಲ್ಲಿ ಒಂದೇ ಸಲ ತಪ್ಪಿದ್ದಾರೆ, ಅವರಿಗೆ ಆ ವಾರ ಶೀತವಾಗಿತ್ತು.

ಈ ಫಜೀತಿ ಅತ್ತೆಯವರ ಮದುವೆಯ ಹೊಸತರಲ್ಲಿ ಇರಲಿಲ್ಲವಂತೆ. ಆಗೆಲ್ಲ ಜಾಗರಣೆಯ ವಿಧಿಯನ್ನು ಶನಿವಾರ ಬೆಳಿಗ್ಗೆಯೇ ಮುಗಿಸುತ್ತಿದ್ದರು, ಮಧ್ಯಾಹ್ನಕ್ಕೆ ತಪಸ್ಸುಕಾಲವೂ ಮುಗಿಯುತ್ತಿತ್ತು, ಅಡುಗೆ ಮಾಡುವವಳು ಧೈರ್ಯವಾಗಿ ಉಪ್ಪು ನೋಡುತ್ತಿದ್ದಳು. ಪೋಪ್ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳ ಸುಧಾರಣೆ 1956ರಲ್ಲಿ ಜಾರಿಗೆ ಬಂದ ಮೇಲೆ ವಿಧಿ ರಾತ್ರಿಗೆ ಮರಳಿತು. ದೇವಶಾಸ್ತ್ರಕ್ಕೆ ಅದು ಸರಿಯೇ. "ರೋಮಿನಲ್ಲಿ ಕುಳಿತವರಿಗೆ ಬಾಫಾತ್‌ನ ಉಪ್ಪಿನ ಚಿಂತೆ ಎಲ್ಲಿಂದ ಬರಬೇಕು" ಎಂದು ಅತ್ತೆ ತೀರಿಕೊಳ್ಳುವ ತನಕ ಗೊಣಗುತ್ತಿದ್ದರು.

ಇನ್ನು ಸನ್ನಾ. ಬಾಫಾತ್ ಇದ್ದಲ್ಲಿ ಸನ್ನಾ ಇರಲೇಬೇಕು, ನಿಮ್ಮ ಪಟ್ಟಿಯಲ್ಲಿದ್ದ ಬ್ರೆಡ್ ರೋಲ್ ಅದರ ಸ್ಥಾನಕ್ಕೆ ಬರಲಾರದು. ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು ರುಬ್ಬಿ, ಶೇಂದಿ ಬೆರೆಸಿ ಉಬ್ಬಿಸಿ, ಸಣ್ಣ ಬಟ್ಟಲುಗಳಲ್ಲಿ ಆವಿಯಲ್ಲಿ ಬೇಯಿಸುವ ಬಿಳಿಯ ಮೆತ್ತನೆಯ ತಿಂಡಿ ಅದು. 2024ರಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಶನಿವಾರ ಸಂಜೆಯೇ ಶೇಂದಿ ಬೆರೆಸಿಟ್ಟು ಪೂಜೆಗೆ ಹೋದೆ. ರಾತ್ರಿ ಬಂದು ನೋಡಿದರೆ ಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿ, ಕಟ್ಟೆ ಇಳಿದು, ಬಾಗಿಲ ಕಡೆಗೆ ಹೊರಟಿತ್ತು. ಯಜಮಾನರು "ಎದ್ದಿದ್ದಾನೆ" ಎಂದರು. ಪುನರುತ್ಥಾನದ ರಾತ್ರಿ ಅಂಥ ಮಾತಿಗೆ ನಗಬೇಕೋ ಬೇಡವೋ ತಿಳಿಯದೆ ನೆಲ ಒರೆಸಿದೆ. ಬೆಳಿಗ್ಗೆ ಬೇಯಿಸಿದ ಸನ್ನಾ ಹುಳಿಯೋ ಹುಳಿ.

ಈಗ ಕ್ರಮ ಬದಲಿಸಿದ್ದೇನೆ. ಶನಿವಾರ ಮಧ್ಯಾಹ್ನ ಕರೆಂಟು ಇರುವಾಗಲೇ ಗಟ್ಟಿಯಾಗಿ ರುಬ್ಬಿ ಫ್ರಿಜ್‌ನಲ್ಲಿ ಇಡುವುದು. ಭಾನುವಾರ ಬೆಳಿಗ್ಗೆ ಹಿಟ್ಟನ್ನು ಹೊರಗಿಟ್ಟು, ಮೂರ್ತೆಯವರು ಮರದಿಂದ ಇಳಿಸಿ ತರುವ ತಾಜಾ ಶೇಂದಿ ಅರ್ಧ ಲೀಟರ್ ಬೆರೆಸುವುದು. ಈ ಸೆಕೆಗೆ ಮೂರು ಗಂಟೆಯಲ್ಲಿ ಉಬ್ಬಿ ತಯಾರು. ನಮ್ಮ ಊರಿನಲ್ಲಿ ಮರ ಹತ್ತುವವರು ಕಡಿಮೆಯಾಗಿದ್ದಾರೆ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಪೂಜೆ ಮುಗಿಸಿ ಬರುವ ದಾರಿಯಲ್ಲೇ ಹೇಳಿಟ್ಟು ಬರದಿದ್ದರೆ ನಿಮ್ಮ ಪಾಲಿನ ಶೇಂದಿ ಬೇರೆ ಮನೆಗೆ ಹೋಗಿರುತ್ತದೆ.

ಶೇಂದಿಯ ಮಾತು ಬಂದದ್ದಕ್ಕೆ ಇನ್ನೊಂದು. 2024ರ ಈಸ್ಟರ್ ರಂಜಾನ್ ತಿಂಗಳಿನಲ್ಲೇ ಬಂದಿತ್ತು. ಎದುರುಮನೆಯ ಬ್ಯಾರಿ ಮುಸ್ಲಿಂ ಕುಟುಂಬಕ್ಕೆ ನಾವು ಪ್ರತಿ ಹಬ್ಬಕ್ಕೂ ಕೋಳಿಗಸಿ, ಸನ್ನಾ ಕೊಡುತ್ತೇವೆ. ಶೇಂದಿಯ ಸನ್ನಾ ಅವರಿಗೆ ಕೊಡುವಂತಿಲ್ಲ, ನಮ್ಮ ಹಂದಿಮಾಂಸದ ಪಾತ್ರೆಯನ್ನು ಮುಟ್ಟಿಸುವಂತೆಯೂ ಇಲ್ಲ. ಅವರಿಂದಲೇ ಪಾತ್ರೆ ತರಿಸಿ, ಕೋಳಿಯನ್ನೂ ಅವರೇ ತಂದುಕೊಟ್ಟು, ಎಳನೀರು, ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿದ ಬೇರೆಯೇ ಹಿಟ್ಟು ಮಾಡಿ, ಸಂಜೆ ಉಪವಾಸ ಬಿಡುವ ಹೊತ್ತಿಗೆ ಬಿಸಿಬಿಸಿಯಾಗಿ ಕಳಿಸಿದೆ. ಕೆಲಸ ಇಮ್ಮಡಿಯಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಶೇಂದಿ ಸನ್ನಾ ಹುಳಿಯಾಗಿದ್ದ ಆ ವರ್ಷ ಯೀಸ್ಟಿನ ಸನ್ನಾ ಹತ್ತಿಯಂತೆ ಬಂದಿತ್ತು ಎಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಬಾರದು.

ಸಿಹಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೋಡಂಬಿ, ಸಕ್ಕರೆ, ಮೊಟ್ಟೆಯ ಬಿಳಿ, ಗುಲಾಬಿ ನೀರಿನ ಮಾರ್ಜಿಪಾನ್ ಮೊಟ್ಟೆಗಳನ್ನು ಶುಭ ಶುಕ್ರವಾರಕ್ಕೆ ಮೊದಲೇ ಮಾಡಿ ಡಬ್ಬಿಗೆ ಹಾಕಿದರೆ ಮುಗಿಯಿತು. ಮೊಮ್ಮಕ್ಕಳಿಗೆ ಸಿಗದ ಹಾಗೆ ಡಬ್ಬಿಯನ್ನು ಎಲ್ಲಿಡಬೇಕು ಎಂಬುದಷ್ಟೇ ಯೋಜನೆ. ಶುಕ್ರವಾರ ಗಂಜಿ, ಉಪ್ಪಿನ ಮಾವಿನಕಾಯಿ, ಹುರುಳಿ ಚಟ್ನಿ. ಆ ಒಂದು ಹೊತ್ತಿನ ಗಂಜಿಯೂ ಹಬ್ಬದ ಊಟದ ಪಟ್ಟಿಯಲ್ಲಿ ಸೇರಬೇಕೆಂಬುದು ನನ್ನ ಅಭಿಪ್ರಾಯ. ಅದಿಲ್ಲದೆ ಭಾನುವಾರದ ಬಾಫಾತ್ ಬರೀ ಮಾಂಸದ ಪದಾರ್ಥ.

ಉಳಿದದ್ದು ಸೋಮವಾರಕ್ಕೆ. ಈ ವರ್ಷ ಆ ಮಧ್ಯಾಹ್ನ ಹಿಂದಿನ ದಿನದ ಸನ್ನಾವನ್ನು ಕತ್ತರಿಸಿ ಹೆಂಚಿನಲ್ಲಿ ಕೆಂಪಗೆ ಕಾಯಿಸಿ ತಟ್ಟೆಗೆ ಹಾಕುತ್ತಿದ್ದಾಗ ಟಿ.ವಿ.ಯಲ್ಲಿ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು ತೀರಿಕೊಂಡ ಸುದ್ದಿ ಬಂತು. ಹಿಂದಿನ ದಿನವಷ್ಟೇ ಅವರು ಬಾಲ್ಕನಿಯಲ್ಲಿ ಕಾಣಿಸಿಕೊಂಡು ಹಬ್ಬದ ಆಶೀರ್ವಾದ ಕೊಟ್ಟಿದ್ದರು. ಯಜಮಾನರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಬೇಲಿಯಾಚೆಯಿಂದ ಅಕ್ಕ, "ಬಾಯಮ್ಮ, ನಿಮ್ಮ ದೊಡ್ಡ ಗುರುಗಳು ಹೋದರಂತೆ" ಎಂದರು. ಆ ದಿನದ ಉಳಿಕೆ ಹಾಗೆಯೇ ಉಳಿಯಿತು.

ಈಗ ಕೋರಿಕೆ. ಬರುವ ವರ್ಷ, 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೆ. ಅದರ ಮುಂದಿನ ವರ್ಷ, 2027ರಲ್ಲಿ, ಮಾರ್ಚ್ 28ಕ್ಕೆ. ಎರಡೂ ಹಸಿ ಗೇರುಬೀಜದ ಕಾಲದೊಳಗೇ ಬರುತ್ತವೆ, ಹಣ್ಣಿನ ಗೊಜ್ಜನ್ನು ಮರೆತುಬಿಡಬಹುದು. ನಿಮ್ಮ ಪುರವಣಿಯವರು ಪುಟವನ್ನು ಹಬ್ಬಕ್ಕೆ ಎರಡು ವಾರ ಮೊದಲೇ ಹಾಕಲಿ. ತೊಂಡೆಕಾಯಿಯ ಅಳತೆ, ಸನ್ನಾದ ಹದ ಬೇಕಾದರೆ ನಾನೇ ಬರೆದು ಕಳಿಸುತ್ತೇನೆ, ಸಂಭಾವನೆ ಬೇಡ. ಕೇಳುವುದಿದ್ದರೆ ಗರಿಗಳ ಭಾನುವಾರಕ್ಕೆ ಮುಂಚೆ ಕೇಳಿ. ಆಮೇಲೆ ನನ್ನ ಬೆರಳುಗಳಿಗೆಲ್ಲ ಗೇರುಸೊನೆಯಾಗಿರುತ್ತದೆ, ಪೆನ್ನು ಹಿಡಿಯಲಾಗುವುದಿಲ್ಲ.

ಇತಿ,
ನಿವೃತ್ತ ಶಿಕ್ಷಕಿ
ಕಿನ್ನಿಗೋಳಿ