ಕುತ್ತಿಗೆ ಲಟಿಕೆ ವಿಡಿಯೊ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿಗೆ ಬಂದ, ಸಲೂನಿನಲ್ಲಿ ಕತ್ತು ತಿರುಚಿ ಲಟಿಕೆ ತೆಗೆಯುವ ವಿಡಿಯೊ ಅಳಿಸಿದ್ದೇನೆ. ಹಾಕಿದವರು ಬೇಸರ ಮಾಡಿಕೊಳ್ಳಬೇಡಿ. ಇದು ರುಮಟಾಯ್ಡ್ ಸಂಧಿವಾತ ಇರುವವರ ಗುಂಪು, ಹಾಗಾಗಿ ಬಿಡುವಂತಿರಲಿಲ್ಲ.

ತಲೆಬುರುಡೆ ಕೂತಿರುವುದು ಉಂಗುರದಂಥ ಮೊದಲನೇ ಕತ್ತಿನ ಮೂಳೆಯ ಮೇಲೆ. ಎರಡನೇ ಮೂಳೆಯಿಂದ ಎದ್ದ ಗೂಟವೊಂದು ಆ ಉಂಗುರದೊಳಗೆ ನಿಂತಿರುತ್ತದೆ. ಅದು ಹಿಂದಕ್ಕೆ ಸರಿಯದಂತೆ ಅಡ್ಡಲಾಗಿ ಒಂದು ಅಸ್ಥಿರಜ್ಜು (ಮೂಳೆಗಳನ್ನು ಬಿಗಿದಿಡುವ ಗಟ್ಟಿ ಪಟ್ಟಿ) ಹಿಡಿದಿದೆ. ಅದರ ಬೆನ್ನಿಗೇ ಮಿದುಳುಬಳ್ಳಿ, ಅಂದರೆ ಬೆನ್ನುಹುರಿ. ಸಂಧಿವಾತ ವರ್ಷಗಟ್ಟಲೆ ಇದ್ದವರಲ್ಲಿ ಉರಿಯೂತ ಈ ಅಸ್ಥಿರಜ್ಜುವನ್ನು ಸಡಿಲಿಸಬಹುದು, ಗೂಟವನ್ನೂ ಸವೆಸಬಹುದು. ಆಗ ಗೂಟ ಹಿಂದಕ್ಕೆ ಸರಿದು ಮಿದುಳುಬಳ್ಳಿಯನ್ನು ಒತ್ತಬಹುದು. ಕೆಲವರಿಗೆ ನೋವೇ ಇರುವುದಿಲ್ಲ. ಅಂಥ ಕತ್ತನ್ನು ಸಲೂನಿನಲ್ಲಿ ಕೂತು ತಿರುಚಿಸಿಕೊಳ್ಳುವುದೇ? ಸಂಧಿವಾತ ಇಲ್ಲದವರಲ್ಲೂ, ಜೋರಾಗಿ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು.

ತಲೆಯ ಹಿಂಭಾಗದ ನೋವು, ಕತ್ತು ಬಗ್ಗಿಸಿದಾಗ ಬೆನ್ನುದ್ದಕ್ಕೂ ಕರೆಂಟ್ ಹೊಡೆದಂತಾಗುವುದು, ಅಂಗಿ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ವಾಲುವುದು, ಇವನ್ನೆಲ್ಲ ‘ಗಂಟುನೋವಿನದೇ ಇರಬೇಕು’ ಎಂದು ತಳ್ಳಿಹಾಕದೆ ಡಾಕ್ಟರಿಗೆ ಹೇಳಿ. ಕತ್ತು ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಚಾಚಿ ತೆಗೆಯುವ ಎಕ್ಸ್‌ರೇಯಲ್ಲಿ ಗೂಟಕ್ಕೂ ಉಂಗುರಕ್ಕೂ ನಡುವಿನ ಅಂತರ ಕಾಣುತ್ತದೆ. ದೊಡ್ಡವರಲ್ಲಿ 3 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ಸಡಿಲ ಎಂದೇ ನೋಡುತ್ತಾರೆ.

ಇನ್ನೊಂದು, ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ: ಮಂಡಿ ಬದಲಿಸುವ ಆಪರೇಷನ್ನೇ ಆದರೂ, ಸಂಧಿವಾತ ಎಷ್ಟು ವರ್ಷದಿಂದ ಇದೆ ಎಂದು ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ. ಉಸಿರಿನ ಕೊಳವೆ ಹಾಕುವಾಗ ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಯಾರಾದರೂ ಬಿದ್ದು ಕತ್ತಿಗೆ ಪೆಟ್ಟಾದರೆ ಎಬ್ಬಿಸಿ ಕೂರಿಸಬೇಡಿ, ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಕರೆ ಮಾಡಿಸಿ.